ಹಳೆಯ ಬೂಟಿಗೆ ಹತ್ತು ಹೆಸರು

ನನ್ನ ಅಣ್ಣನಿಗೆ ಡಚ್ ಮಾತು ಚೆನ್ನಾಗಿ ಬರುತ್ತಿತ್ತು. ತನಗೆ ಬರುವುದಿಲ್ಲ ಎಂದು ಅವನು ನಂಬುವಂತೆ ಮಾಡಿದವನು ನಾನು. ನಾನು ಕೆಲಸಕ್ಕಿದ್ದ ಗೋದಾಮಿನ ಸೇಠ್ ಎದುರಿಗೆ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಆಮೇಲೆ ನಾಲ್ಕು ವರ್ಷ ಒಂದೇ ಖೋಲಿಯಲ್ಲಿ ಅವನ ಪಕ್ಕದಲ್ಲೇ ಕೂತು ಉಂಡೆ, ಆಗಲೂ ಹೇಳಲಿಲ್ಲ. ಹೋದ ತಿಂಗಳು ಮಧ್ಯಾಹ್ನದ ಊಟ ಮುಗಿಸಿ ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲ. ನಾನು ಮುನಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವನು. ಬರೆದು ರೂಢಿಯಿಲ್ಲ. ಆದರೂ ಅವನು ಎಂಥವನಾಗಿದ್ದ ಎಂದು ನಾನಲ್ಲದೆ ಬೇರೆ ಯಾರೂ ಬರೆಯುವುದಿಲ್ಲ.

ನಾವು ವಿಜಯಪುರದ ಕಡೆಯವರು. ಮನೆಯಲ್ಲಿ ದಖನಿ ಉರ್ದು, ಹೊರಗೂ ಅಣ್ಣತಮ್ಮಂದಿರ ನಡುವೆಯೂ ಕನ್ನಡ. ಅಬ್ಬಾ ವಡಾಲದ ಬಂದರಿನ ಕಡೆ ಮೂಟೆ ಹೊರುತ್ತಿದ್ದರು. ನನಗೂ ಅಣ್ಣನಿಗೂ ಹನ್ನೆರಡು ವರ್ಷದ ಅಂತರ. ನಾನು ಶಾಲೆಗೆ ಹೋಗುವ ಹೊತ್ತಿಗೆ ಅವನು ಹಡಗು ಹತ್ತಿದ್ದ. ಸಾಮಾನು ಸಾಗಿಸುವ ಹಡಗು. ಕ್ಯಾಪ್ಟನ್, ಇಂಜಿನಿಯರು ಎಲ್ಲ ಡಚ್ಚರು. ಇವನದು ಅವರ ಊಟದ ಕೋಣೆಯ ಕೆಲಸ. ಬೆಳಿಗ್ಗೆ ಅವರ ಕ್ಯಾಬಿನ್ನಿನ ಬಾಗಿಲ ಹೊರಗಿಟ್ಟ ಬೂಟುಗಳಿಗೆ ಪಾಲಿಶ್ ಮಾಡಿ ಇಡುವುದೂ ಇವನದೇ ಕೆಲಸ.

ಭಾಷೆ ಅವನಿಗೆ ಬೂಟಿನಿಂದಲೇ ಬಂತು. ಒಮ್ಮೆ ಅವರ ದೇಶದ ಯಾವುದೋ ಬಂದರಿನಲ್ಲಿ ಹಡಗು ಹದಿನೈದು ದಿನ ನಿಂತಿತ್ತಂತೆ. ದೊಡ್ಡ ಇಂಜಿನಿಯರು ಒಂದು ಚೀಲದ ತುಂಬ ಹಳೆಯ ಬೂಟು ಕೊಟ್ಟು ರಿಪೇರಿಗೆ ಕಳಿಸಿದ. ಆ ಊರಿನ ಮುದಿ ಚಮ್ಮಾರ ಒಂದೊಂದೇ ಬೂಟನ್ನು ಎತ್ತಿ, ಅಟ್ಟೆ ಮೇಲೆ ಮಾಡಿ ನೋಡಿ, ಒಂದೊಂದು ಶಬ್ದ ಹೇಳಿ ಬದಿಗಿಡುತ್ತಿದ್ದ. "ಡಾಕ್ಟರು ರೋಗದ ಹೆಸರು ಹೇಳಿದಾಂಗ," ಎನ್ನುತ್ತಿದ್ದ ಅಣ್ಣ. ಮರುದಿನ ಕೆಲಸವಿಲ್ಲದಿದ್ದರೂ ಅಲ್ಲಿಗೆ ಹೋಗಿ ಕೂತ. ಹದಿನೈದು ದಿನವೂ ಹೋದ. ಕೇಳಿದ ಶಬ್ದವನ್ನೆಲ್ಲ ಕನ್ನಡ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ, ಎದುರಿಗೆ ಇಂಗ್ಲಿಷಿನಲ್ಲಿ ಅರ್ಥ. ಡಚ್ ಭಾಷೆಯಲ್ಲಿ ಗಂಟಲಿನಿಂದ ಕೆರೆದು ಹೊರಡಿಸುವ ಒಂದು 'ಖ' ಇದೆ. ದಖನಿ ಆಡುವ ನಮಗೆ ಅದು ತಾಯಿಹಾಲಿನ ಜೊತೆಗೇ ಬಂದದ್ದು. ಚಮ್ಮಾರ ಬೆರಗಾಗಿ ತನ್ನ ಹೆಂಡತಿಯನ್ನು ಒಳಗಿನಿಂದ ಕರೆದು, ಇವನ ಬಾಯಲ್ಲಿ ಮತ್ತೆ ಮತ್ತೆ ಹೇಳಿಸಿದನಂತೆ. ಇದನ್ನು ಹೇಳುವಾಗ ಅಣ್ಣ ಎದೆ ಉಬ್ಬಿಸುತ್ತಿದ್ದ. ಬೇರೆ ಯಾವುದಕ್ಕೂ ಅವನು ಎದೆ ಉಬ್ಬಿಸಿದ್ದು ನಾನು ಕಂಡಿಲ್ಲ.

ಹಡಗು ಬಿಟ್ಟು ಬಂದಮೇಲೆ ಅವನಿಗೆ ಮದುವೆಯಾಯಿತು. ಭಾಭಿ ಬೇಗ ತೀರಿಕೊಂಡರು, ಮಕ್ಕಳಿಲ್ಲ. ನನ್ನ ಖೋಲಿಗೇ ಬಂದು ಉಳಿದ. ಆಗ ನಾನು ವಡಾಲದ ಒಂದು ಗೋದಾಮಿನಲ್ಲಿ ಹಳೆಯ ಬೂಟು ರಿಪೇರಿ ಮಾಡುತ್ತಿದ್ದೆ. ಹೊರದೇಶದಿಂದ ಹಳೆಯ ಬೂಟುಗಳು ಗಂಟುಗಟ್ಟಲೆ ಬರುತ್ತಿದ್ದವು. ನಾವು ತೊಳೆದು, ಬಾಯಿ ಬಿಟ್ಟ ಅಟ್ಟೆಗೆ ಸಲೂಶನ್ ಹಚ್ಚಿ ಒತ್ತಿ, ಹೊಲಿದು, ಪಾಲಿಶ್ ಮಾಡಿ ಕೊಡುವುದು. ಸೇಠ್ ಅವನ್ನು ಗ್ರಾಂಟ್ ರೋಡಿನ ಅಂಗಡಿಗಳಿಗೆ ಮಾರುವುದು. ಹಾಲೆಂಡಿನಿಂದ ಬರುವ ಗಂಟುಗಳಲ್ಲಿ ಒಂದು ವಿಶೇಷ ಇತ್ತು. ಪ್ರತಿ ಜೋಡಿಯ ಲೇಸಿಗೂ ಒಂದು ಚೀಟಿ ಕಟ್ಟಿರುತ್ತಿತ್ತು. ಬೂಟು ಎಲ್ಲಿ ಸವೆದಿದೆ, ಎಷ್ಟು ಸವೆದಿದೆ ಎಂದು ಅಲ್ಲಿಯ ಯಾರೋ ಅಜ್ಜಿಯರು ಕೈಯಾರೆ ಬರೆದ ಚೀಟಿ. ಅಂಗಡಿಗಳಿಗೆ ತೋರಿಸಲು ಅದರ ಅರ್ಥ ಬೇಕೆಂದು ಸೇಠ್ ಫೋನಿನ ಕ್ಯಾಮರಾ ಹಿಡಿದು ನೋಡಿದ. ಆ ಅಜ್ಜಿಯರ ಕೈಬರಹ ಫೋನಿಗೆ ದಕ್ಕಲಿಲ್ಲ. ನಾನೇ ಹೇಳಿದೆ, "ಸೇಠ್, ನಮ್ಮ ಭೈಯ್ಯಾ ಓದ್ತಾನ."

ಗೋದಾಮಿನ ಬಾಗಿಲ ಬೆಳಕಿನಲ್ಲಿ ಒಂದು ಸ್ಟೂಲು ಹಾಕಿಕೊಂಡು ಅಣ್ಣ ಕೂತ. ಮೊದಲನೆಯ ದಿನವೇ ಅಲ್ಲಿದ್ದ ಬೂಟನ್ನೆಲ್ಲ ನೆಟ್ಟಗೆ ಮಾಡಿ ಇಟ್ಟ. ಬೋರಲು ಬಿದ್ದ ಬೂಟು ಕಂಡರೆ ಅವನಿಗೆ ಆಗುತ್ತಿರಲಿಲ್ಲ, ಮನೆಯಲ್ಲಿ ಜಗಳ ಹುಟ್ಟುತ್ತದೆ ಎಂದು. "ಕಾಕಾ, ಇಲ್ಲಿ ಮುನ್ನೂರು ಜೋಡಿ ಬಿದ್ದಾವ, ಎಷ್ಟಂತ ಎತ್ತಿಡ್ತೀರಿ?" ಎಂದು ಶಾಂತವ್ವ ನಕ್ಕಳು. ಅವಳು ಬೆಳಗಾವಿ ಕಡೆಯವಳು, ಗಂಟು ಬಿಚ್ಚಿ ಬೇರೆ ಬೇರೆ ಮಾಡುವ ಕೆಲಸದವಳು. "ಮುನ್ನೂರು ಜಗಳ ತಪ್ಪಿಸಿದ್ನಲ್ಲವಾ, ಅದಕ್ಕ ಒಂದು ಚಾ ಕುಡಸು," ಎಂದ ಅಣ್ಣ.

ನಮಗೆಲ್ಲ ಹಳೆಯ ಬೂಟು ಎಂದರೆ ಹಳೆಯ ಬೂಟು. ಅವನಿಗೆ ಹಾಗಲ್ಲ. ಮೊದಲು ಬೂಟಿನೊಳಗೆ ಕೈ ಹಾಕಿ ತಡವುತ್ತಿದ್ದ, ಆಮೇಲೆ ಚೀಟಿ ಓದುತ್ತಿದ್ದ. ಅಜ್ಜಿ ಬರೆದದ್ದೂ ತನ್ನ ಕೈ ಹೇಳಿದ್ದೂ ಒಂದೇ ಆದರೆ ತಲೆದೂಗುವನು. "ಇನ್‌ಖೆಲೋಪನ್" ಎಂದರೆ ನಡೆದು ನಡೆದು ಕಾಲಿಗೆ ಹೊಂದಿಕೊಂಡ ಬೂಟು, ಒಳ್ಳೆಯದು. "ಔಟ್‌ಖೆಲೋಪನ್" ಎಂದರೆ ನಡೆದು ನಡೆದು ಸಡಿಲಾದದ್ದು. "ಸ್ಖೇಫ್‌ಖೆಲೋಪನ್" ಎಂದರೆ ನಡಿಗೆ ವಾಲಿ ಹಿಮ್ಮಡಿ ಒಂದೇ ಬದಿಗೆ ಸವೆದದ್ದು. "ಅಫ್‌ಖೆತ್ರಾಪ್ತ್" ಎಂದರೆ ಚಪ್ಪಲಿಯಂತೆ ಹಿಂಬದಿ ತುಳಿದು ತುಳಿದು ಹಾಳು ಮಾಡಿದ್ದು. ಪೂರಾ ಸವೆದು ಮುಗಿದದ್ದು "ಫರ್‌ಸ್ಲೇತನ್". ಮಕ್ಕಳ ಬೂಟಿನ ತುದಿ ಕೆರೆದು ಬಣ್ಣ ಹೋಗಿದ್ದರೆ ಆ ಅಜ್ಜಿಯರು ಮೂಗು ಬೋಳಾಗಿದೆ ಎಂದು ಬರೆಯುತ್ತಿದ್ದರು. ಅವರಲ್ಲಿ ಬೂಟಿನ ತುದಿಗೆ ಮೂಗು ಎನ್ನುತ್ತಾರಂತೆ.

"ಹೊಸಾ ಬೂಟಿಗೆ ನಂಬರ್ ಒಂದಾ ಇರ್ತದ. ಹಳೇ ಬೂಟಿಗೆ ಹತ್ತು ಹೆಸರು," ಎನ್ನುತ್ತಿದ್ದ.

ಇವನ್ನು ಇಂಗ್ಲಿಷಿಗೆ ತರುವಾಗ ಅವನ ಗೋಳು ನೋಡಬೇಕಿತ್ತು. ಕಾಲಿಗೆ ಹೊಂದಿಕೊಂಡ ಬೂಟಿಗೆ ಇಂಗ್ಲಿಷಿನವರು 'ಬ್ರೋಕನ್ ಇನ್' ಎನ್ನುತ್ತಾರೆ ಎಂದು ಹಡಗಿನಲ್ಲಿ ಕೇಳಿದ್ದ. ಅದು ಅವನಿಗೆ ಒಪ್ಪಿಗೆಯಿಲ್ಲ. "ಇದ್ರಾಗ ಮುರಿಯೂದೇನದ? ಬೂಟು ಕಾಲನ್ನ ಕಲತದ," ಎಂದು 'ಹ್ಯಾಸ್ ಲರ್ನ್ಡ್ ದ ಫುಟ್' ಎಂದೇ ಹೇಳಿ ಬರೆಸುವನು. ಮಕ್ಕಳ ಬೂಟಿಗೆ 'ಬಾಲ್ಡ್ ನೋಸ್'. ಸೇಠ್ ಓದಿ ನಗುತ್ತಿದ್ದ. "ಅರೇ ಮಿಯಾ, ಓಲ್ಡ್ ಶೂ ಅಂತ ಬರೆದರೆ ಮುಗಿಯಿತಲ್ಲ!" ಅಣ್ಣ ನಗುತ್ತಿರಲಿಲ್ಲ. "ಅಲ್ಲಿ ಆ ಮುದುಕಿ ಕನ್ನಡಕ ಹಾಕ್ಕೊಂಡು ಕೂತು ಇಷ್ಟು ನೋಡಿ ಬರದಾಳ, ಸೇಠ್. ನಾ ಅದನ್ನ ಕಡಿಮಿ ಹ್ಯಾಂಗ ಮಾಡ್ಲಿ?"

ಲೋಕಲ್‌ನಲ್ಲಿ ಕೂತರೂ ಅವನ ಕಣ್ಣು ಎದುರಿನವರ ಕಾಲ ಮೇಲೆ. ಇಂಥವನು ಭಾರ ಹೊರುವವನು, ಇಂಥವನಿಗೆ ಮೊಣಕಾಲು ನೋವಿದೆ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ಒಮ್ಮೆ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಹೊರಗೆ ಬಿಳಿಯ ಗಂಡಹೆಂಡತಿ ಡಚ್ ಆಡುತ್ತ ನಿಂತಿದ್ದರು. ಇವನು ಸೀದಾ ಹೋಗಿ ಆ ಗಂಡಸಿಗೆ, ನಿಮ್ಮ ಬಲಗಾಲಿನ ಹಿಮ್ಮಡಿ ವಾಲಿದೆ ಎಂದು ಅವರದೇ ಮಾತಿನಲ್ಲಿ ಹೇಳಿದ. ಅವರು ದಂಗಾಗಿ ಕಾಲೆತ್ತಿ ನೋಡಿಕೊಂಡರು. ಆಮೇಲೆ ನಮ್ಮಿಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದರು. ಅವನು ಮಾತಾಡಿದ, ನಾನು ಪಕ್ಕದಲ್ಲಿ ಕೂತು ಸಕ್ಕರೆ ಕಲಸುತ್ತಿದ್ದೆ. ನಿಜ ಹೇಳುತ್ತೇನೆ, ನನಗೆ ಆ ದಿನ ಖುಷಿಯ ಜೊತೆಗೆ ಹೊಟ್ಟೆಯಲ್ಲಿ ಸಣ್ಣ ಉರಿಯೂ ಆಯಿತು.

ಈಗ ನನ್ನ ಕೆಲಸದ ವಿಷಯ. ಅಣ್ಣನ ಕಣ್ಣಿಗೆ ಪೊರೆ ಬರುತ್ತಿತ್ತು. ಅಜ್ಜಿಯರ ದೊಡ್ಡ ಅಕ್ಷರವನ್ನು ಬೆಳಕಿಗೆ ಹಿಡಿದು ಓದಬಲ್ಲ, ಆದರೆ ನಮ್ಮ ಸಣ್ಣ ಚೀಟಿಯ ಮೇಲೆ ಬರೆಯಲಾರ. ಅದಕ್ಕೆ ಅವನು ಓದಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಬರೆದು ಬೂಟಿಗೆ ಕಟ್ಟುವುದು, ಡಚ್ ಚೀಟಿಯನ್ನು ಒಂದು ಗೋಣಿಗೆ ಹಾಕುವುದು ಎಂದು ವ್ಯವಸ್ಥೆಯಾಯಿತು. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಮಾತು ಗೊತ್ತಿಲ್ಲ. ಅವನು ಉದ್ದದ ಸಾಲು ಹೇಳುತ್ತಿದ್ದ, ನಾನು ಪ್ರತಿ ಶಬ್ದಕ್ಕೂ ಸ್ಪೆಲಿಂಗ್ ಕೇಳುತ್ತಿದ್ದೆ. ಅವನು ಬೇಸರವಿಲ್ಲದೆ ಹೇಳುತ್ತಿದ್ದ. ಒಂದು ದಿನ ಶಾಂತವ್ವ ನನ್ನ ಕಡೆ ತಿರುಗಿ, "ಅಣ್ಣಾ, ನಮ್ಮ ಮೊಮ್ಮಗಳು ಬಾಲವಾಡಿಗಿ ಹೋಗ್ತಾಳ, ನಿಮ್ಮನ್ನೂ ಕೈ ಹಿಡದು ಕರಕೊಂಡು ಹೋಗಂತೀನಿ," ಎಂದಳು. ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಅವಳು ತಮಾಷೆಗೆ ಹೇಳಿದ್ದು. ನನಗೆ ಮುಖ ಸುಟ್ಟಂತಾಯಿತು.

ಮರುದಿನದಿಂದ ನಾನು ಸ್ಪೆಲಿಂಗ್ ಕೇಳಲಿಲ್ಲ. ಮೊದಲು ಬರೆದಿದ್ದ ಆರು ಒಳ್ಳೆಯ ಚೀಟಿಗಳನ್ನು ಮನೆಗೆ ಒಯ್ದು, ಚಿತ್ರ ಬಿಡಿಸಿದ ಹಾಗೆ ನೋಡಿ ನೋಡಿ ನೂರಾರು ಪ್ರತಿ ಮಾಡಿಟ್ಟುಕೊಂಡೆ. ಗೋದಾಮಿನಲ್ಲಿ ಅಣ್ಣ ಏನು ಹೇಳಿದರೂ ಆ ಆರರಲ್ಲಿ ಹತ್ತಿರದ ಒಂದನ್ನು ತೆಗೆದು ಕಟ್ಟುತ್ತಿದ್ದೆ. ಕಟ್ಟುವ ಮೊದಲು ಪೆನ್ನಿನ ಮುಚ್ಚಳ ತೆಗೆಯದೆಯೇ ಹಲಗೆಯ ಮೇಲೆ ಕೆರೆಯುತ್ತಿದ್ದೆ, ಬರೆಯುವ ಸಪ್ಪಳ ಅವನಿಗೆ ಕೇಳಲಿ ಎಂದು. ಸಪ್ಪಳ ನಿಲ್ಲುವ ತನಕ ಅವನು ಮುಂದಿನ ಚೀಟಿ ಓದುತ್ತಿರಲಿಲ್ಲ. "ಆತೇನೋ?" ಎಂದು ಕೇಳುವನು. "ಆತು ಭೈಯ್ಯಾ," ಎನ್ನುವೆ. ಎಂಟು ತಿಂಗಳು ಹೀಗೇ ನಡೆಯಿತು. ಗ್ರಾಂಟ್ ರೋಡಿನ ಅಂಗಡಿಯವರು ಚೀಟಿಯನ್ನು ಹರಿದು ಬಿಸಾಡಿ ಬೂಟು ಮಾರುತ್ತಿದ್ದರು. ಯಾರಿಗೂ ಏನೂ ತಿಳಿಯಲಿಲ್ಲ.

ಆಗ ಮೇಡಂ ಒಬ್ಬರು ಬಂದರು. ಸೀರಿಯಲ್ಲು, ಸಿನಿಮಾದವರಿಗೆ ಬಟ್ಟೆಬರೆ ಒದಗಿಸುವವರು, ಉಪನಗರದ ಕಡೆ ಅವರ ದೊಡ್ಡ ಅಂಗಡಿ. ಅವರಿಗೆ ಬೇಕಾದದ್ದೇ ಸವೆದ ಬೂಟು. ಪೋಸ್ಟ್‌ಮ್ಯಾನ್ ಪಾತ್ರಕ್ಕೆ ಪೋಸ್ಟ್‌ಮ್ಯಾನ್ ನಡೆದಂತೆ ಸವೆದಿರಬೇಕು. ಅವರು ಬಂದ ದಿನ ಅಣ್ಣ ಇಪ್ಪತ್ತು ಜೋಡಿಯ ಚೀಟಿಯನ್ನು ಅವರ ಎದುರೇ ಓದಿ ಹೇಳಿದ. 'ಬಾಲ್ಡ್ ನೋಸ್' ಎಂದಾಗ ಅವರು ಚಪ್ಪಾಳೆ ತಟ್ಟಿ ನಕ್ಕರು. "ಚಾಚಾ, ನೀವು ನಮ್ಮ ಅಂಗಡಿಗೆ ಬಂದುಬಿಡಿ. ನಮ್ಮಲ್ಲಿರುವ ಬೂಟಿಗೆಲ್ಲ ಇಂಥದೇ ಪಟ್ಟಿ ಮಾಡಿಕೊಡಿ. ಟೇಬಲ್ಲು, ಕುರ್ಚಿ, ಬರೆಯಲು ಒಬ್ಬ ಹುಡುಗಿ ಎಲ್ಲ ಕೊಡುತ್ತೇನೆ," ಎಂದರು. ಮೊದಲು ಒಂದು ಆರ್ಡರು ನೋಡೋಣ, ಆಮೇಲೆ ಮುಂದಿನ ಮಾತು ಎಂದು ಹೋದರು. ಅಣ್ಣನಿಗೆ ಅರವತ್ತು ದಾಟಿತ್ತು. ಅವನಿಗೆ ಟೇಬಲ್ಲು ಕುರ್ಚಿ ಕೊಡುತ್ತೇನೆ ಎಂದು ಯಾರೂ ಹಿಂದೆ ಹೇಳಿರಲಿಲ್ಲ. ಆ ವಾರ ಅವನು ಎರಡು ಸಲ ಕ್ಷೌರದಂಗಡಿಗೆ ಹೋಗಿ ಬಂದ.

ಆರ್ಡರು ಬಂತು. ಎಡಗಾಲು ಎಳೆದು ನಡೆಯುವ ಒಬ್ಬ ಮುದುಕನ ಪಾತ್ರ. ಎಡ ಹಿಮ್ಮಡಿ ಹೊರಬದಿಗೆ ಸವೆದಿರುವ ಹನ್ನೆರಡು ಜೋಡಿ ಬೇಕು. ಶಾಂತವ್ವ ಚೀಟಿ ನೋಡಿ ಆರಿಸಿ ಕಟ್ಟಿಕೊಟ್ಟಳು. ನನ್ನ ಆರು ಚೀಟಿಯಲ್ಲಿ 'ಲೆಫ್ಟ್ ಹೀಲ್' ಒಂದಿತ್ತು. ಬಲದ್ದು ಇರಲಿಲ್ಲ. ವಾಲಿದ ಹಿಮ್ಮಡಿಗೆಲ್ಲ ನಾನು ಎಡದ ಚೀಟಿಯನ್ನೇ ಕಟ್ಟಿದ್ದೆ. ಅವಳು ಬೂಟು ಆರಿಸುವುದನ್ನು ನೋಡುತ್ತ ನಿಂತಿದ್ದೆ. ಆಗಲಾದರೂ ತಡೆಯಬಹುದಿತ್ತು.

ಮೂರನೆಯ ದಿನ ಮೇಡಂ ಚೀಲ ಹಿಡಿದುಕೊಂಡು ಬಂದರು. ಹನ್ನೆರಡರಲ್ಲಿ ಎಂಟು ಜೋಡಿಯಲ್ಲಿ ಸವೆದದ್ದು ಬಲಗಾಲಿನ ಹಿಮ್ಮಡಿ. ಅವರ ಒಂದು ದಿನದ ಶೂಟಿಂಗ್ ಕೆಟ್ಟಿತ್ತು. ಅವರು ಕೂಗಾಡಲಿಲ್ಲ. ಬೂಟುಗಳನ್ನು ಅಣ್ಣನ ಮುಂದೆ ಸಾಲಾಗಿ ಇಟ್ಟು, "ಚಾಚಾ, ಇದೇನು?" ಎಂದರು. ಅಣ್ಣ ಒಂದೊಂದನ್ನೂ ಎತ್ತಿ ತಡವಿ ನೋಡಿದ. ಕೈಗೆ ತಪ್ಪು ತಿಳಿಯಿತು.

"ನಾ ಬಲ ಅಂತ ಹೇಳಿದ್ನೇನೋ, ಎಡ ಅಂತ ಹೇಳಿದ್ನೇನೋ?" ಎಂದು ನನ್ನ ಕಡೆ ತಿರುಗಿ ಕೇಳಿದ.

"ನೀ ಹೇಳಿದ್ದನ್ನಾ ನಾ ಬರದೀನಿ, ಭೈಯ್ಯಾ," ಎಂದೆ.

ಸೇಠ್ ಮೇಡಂಗೆ ಕೈ ಮುಗಿದ. ಅಣ್ಣನ ಹೆಗಲ ಮೇಲೆ ಕೈಯಿಟ್ಟು, ಬಯ್ಯದೆ, ಮೆತ್ತಗೆ ಹೇಳಿದ. "ಮಿಯಾ, ವಯಸ್ಸಾಯಿತು. ಹಡಗಿನಲ್ಲಿ ಕಲಿತದ್ದು, ಮರೆತುಹೋಗಿದೆ ನಿನಗೆ. ಇನ್ನು ಮನೆಯಲ್ಲಿ ಆರಾಮಾಗಿರು." ಅಣ್ಣ ಮೇಡಂ ಮುಂದೆ ತಲೆ ತಗ್ಗಿಸಿ ಮೂರು ಸಲ ಸಾರಿ ಎಂದ. ನನ್ನ ಪೆನ್ನು ನನ್ನ ಜೇಬಿನಲ್ಲೇ ಇತ್ತು.

ಡಚ್ ಚೀಟಿಗಳ ಗೋಣಿ ಇನ್ನೂ ಮೂಲೆಯಲ್ಲಿತ್ತು. ಬೇರೆ ಯಾರಾದರೂ ಡಚ್ ಬಲ್ಲವರಿಗೆ ಅದನ್ನು ತೋರಿಸಿದ್ದರೆ ಬಲಗಾಲಿನವೂ ಎಷ್ಟೋ ಬಂದಿದ್ದವು, ನಾನು ಕಟ್ಟಿದ ಚೀಟಿಗಳಲ್ಲಷ್ಟೇ ಒಂದೂ ಇಲ್ಲ ಎಂಬುದು ಬಯಲಾಗುತ್ತಿತ್ತು. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆ ಗೋಣಿಯನ್ನು ಹಳೆ ಸಾಮಾನು ಕೊಳ್ಳುವ ಭಂಗಾರಿನವನಿಗೆ ಹಾಕಿದೆ. ಸುಳ್ಳು ಹೇಳಿದ್ದು ಹೆದರಿಕೆಯಿಂದ ಎಂದು ಇಟ್ಟುಕೊಳ್ಳಬಹುದು. ಇದನ್ನು ಮಾಡುವಾಗ ನನ್ನ ತಲೆ ತಣ್ಣಗಿತ್ತು.

ಕೆಲವು ತಿಂಗಳಾದ ಮೇಲೆ ಅವನ ಕಣ್ಣಿನ ಆಪರೇಶನ್ ಆಯಿತು. ಚೆನ್ನಾಗಿ ಕಾಣಿಸತೊಡಗಿತು. ಇನ್ನು ಲೋಕಲ್‌ನಲ್ಲಿ ಮತ್ತೆ ಶುರು ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಕಿಟಕಿಯ ಹೊರಗೆ ನೋಡುತ್ತ ಕೂರುತ್ತಿದ್ದ. ಒಂದು ಸಂಜೆ ನಾನು ಬಂದಾಗ ಹಡಗಿನ ಕಾಲದ ಆ ನೋಟ್‌ಬುಕ್ಕು ತೊಡೆಯ ಮೇಲಿತ್ತು, ಕೈಯಲ್ಲಿ ಪೆನ್ಸಿಲ್ಲು. ಅವನು ನಮಾಜಿಗೆ ಎದ್ದು ಹೋದಾಗ ತೆರೆದು ನೋಡಿದೆ. ಒಂದೊಂದು ಶಬ್ದದ ಎದುರಿಗೂ ಪ್ರಶ್ನೆಯ ಚಿಹ್ನೆ ಹಾಕಿದ್ದ. ಕೆಲವು ಕಡೆ ಸರಿಯಾಗಿದ್ದ ಅರ್ಥವನ್ನು ಹೊಡೆದುಹಾಕಿ ಬೇರೆ ಏನೋ ಬರೆದಿದ್ದ. ಎಡ, ಬಲ ಎಂಬ ಎರಡು ಶಬ್ದಗಳ ಮೇಲೆ ಪೆನ್ಸಿಲ್ಲು ಎಷ್ಟು ಸಲ ಆಡಿತ್ತೆಂದರೆ ಕಾಗದ ತೂತಾಗಿತ್ತು. ನೋಟ್‌ಬುಕ್ಕನ್ನು ಇದ್ದ ಹಾಗೇ ಇಟ್ಟೆ. ಹೆಂಡತಿ ಚಹಾ ತಂದಳು. ಕುಡಿದೆ.

ಹೋದ ವರ್ಷ ಅವನ ಪಿಂಚಣಿಯ ಕಾಗದಕ್ಕಾಗಿ ಫೋರ್ಟಿಗೆ ಹೋಗಿದ್ದೆವು. ಬ್ಯಾಂಕಿನ ಮೆಟ್ಟಿಲ ಮೇಲೆ ನಾಲ್ಕೈದು ಜನ ಬಿಳಿಯರು ಮಾತಾಡುತ್ತ ನಿಂತಿದ್ದರು. ಆ ಗಂಟಲಿನ 'ಖ' ನನ್ನ ಕಿವಿಗೂ ಬಿತ್ತು. ಅಣ್ಣ ನಿಂತ. ಅವರ ಮಾತಿಗೆ ಅವನ ಹುಬ್ಬು ಏರಿತು, ತುಟಿಯಲ್ಲಿ ನಗುವೂ ಬಂತು. ಅವರಲ್ಲಿ ಯಾರೋ ಏನೋ ತಮಾಷೆ ಹೇಳಿರಬೇಕು, ಇವನಿಗೆ ತಿಳಿಯಿತು. ನಾನು, "ಹೋಗಿ ಮಾತಾಡ ಭೈಯ್ಯಾ," ಎಂದೆ.

ಅವನು ತಲೆ ಅಲ್ಲಾಡಿಸಿದ. "ಬ್ಯಾಡೋ. ಅದು ಬ್ಯಾರೆ ಯಾವ್ದೋ ಭಾಷಾ ಇರಬೇಕು. ನನಗ ತಿಳದಂಗ ಅನಸ್ತದ, ಅಷ್ಟಾ."

ಆ ಮೆಟ್ಟಿಲ ಮೇಲೆ ಹೇಳಬಹುದಿತ್ತು. ಅವನು ಜೀವಂತ ಇದ್ದ, ಕಿವಿ ಚುರುಕಾಗಿತ್ತು, ನನ್ನಿಂದ ಒಂದು ಮೊಳ ದೂರದಲ್ಲಿ ನಿಂತಿದ್ದ. "ನಡಿ, ಗಾಡಿ ತಪ್ಪತದ," ಎಂದು ಅವನ ತೋಳು ಹಿಡಿದು ಕರೆದುಕೊಂಡು ಬಂದೆ.

ಅವನ ಮಣ್ಣಿಗೆ ಬಹಳ ಜನ ಬಂದಿದ್ದರು. ಬಿಲ್ಡಿಂಗಿನವರು, ಗೋದಾಮಿನವರು, ತಲೆಗೆ ಕರವಸ್ತ್ರ ಕಟ್ಟಿಕೊಂಡು ಸೇಠ್. ಶಾಂತವ್ವ ಗೇಟಿನ ಹೊರಗೆ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಶವ ಮಲಗಿಸಿದ ಜನಾಜಾ ಮುಂದಿಟ್ಟು ಸಾಲುಗಟ್ಟಿ ನಿಂತಮೇಲೆ, ನಮಾಜಿಗೆ ಮೊದಲು, ತೀರಿಕೊಂಡವರ ಪರವಾಗಿ ಹತ್ತಿರದವರು ನೆರೆದವರಲ್ಲಿ ಮಾಫಿ ಕೇಳುವುದು ನಮ್ಮಲ್ಲಿ ರೂಢಿ. ಹೋದವರು ಯಾರಿಗಾದರೂ ಏನಾದರೂ ಅಂದಿದ್ದರೆ, ನೋಯಿಸಿದ್ದರೆ, ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕ್ಷಮಿಸಿ ಕಳಿಸಿಕೊಡಿ ಎಂದು. ಮೌಲ್ವಿ ಸಾಹೇಬರು, "ವಾರಸುದಾರರು ಯಾರು? ಮುಂದೆ ಬನ್ನಿ," ಎಂದರು. ಮಕ್ಕಳಿಲ್ಲ, ಆದ್ದರಿಂದ ನಾನೇ ಹೋಗಿ ನಿಂತೆ.

"ನಮ್ಮ ಭೈಯ್ಯಾನಿಂದ ಯಾರಿಗಾದರೂ ತಪ್ಪಾಗಿದ್ದರೆ..." ಎಂದು ದಖನಿಯಲ್ಲಿ ಶುರು ಮಾಡಿದೆ. ಅಲ್ಲಿಗೆ ನಿಂತೆ. ಯಾರಿಗೆ ತಪ್ಪು ಮಾಡಿದ್ದ ಅವನು? ಅವನಿಗಾಗಿ ಮಾಫಿ ಕೇಳಲು ನಾನು ನಿಂತಿದ್ದೆ! ಮೌಲ್ವಿ ಸಾಹೇಬರು ದುಃಖದಿಂದ ಮಾತು ನಿಂತಿತು ಎಂದುಕೊಂಡು, "ಸಾಕು, ಸಾಕು," ಎಂದು ನನ್ನ ಬೆನ್ನು ತಟ್ಟಿದರು. ನಾನು ಅವರ ಕೈ ಸರಿಸಿದೆ.

"ಸೇಠ್, ನೀವೂ ಕೇಳಿ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಇವನು ಬಲ ಎಂದು ಸರಿಯಾಗಿಯೇ ಓದಿದ್ದ. ನಾನು ಎಡದ ಚೀಟಿ ಕಟ್ಟಿದೆ. ನನಗೆ ಇಂಗ್ಲಿಷ್ ಬರೆಯಲು ಬರುತ್ತಿರಲಿಲ್ಲ, ಸ್ಪೆಲಿಂಗ್ ಕೇಳಲು ನಾಚಿಕೆಯಾಗಿ ಬರೆದಂತೆ ನಾಟಕ ಮಾಡಿದೆ. ನಿಮ್ಮೆಲ್ಲರ ಮುಂದೆ ಇವನ ಮೇಲೆ ಹಾಕಿದೆ. ಚೀಟಿಯ ಗೋಣಿಯನ್ನು ಭಂಗಾರಿಗೆ ಹಾಕಿದವನೂ ನಾನೇ."

ಸೇಠ್ ನೆಲ ನೋಡುತ್ತಿದ್ದ. ನಾನು ಜನರ ಕಡೆಗೆ ಬೆನ್ನು ಮಾಡಿ, ಬಿಳಿ ಬಟ್ಟೆ ಹೊದಿಸಿದ ಅಣ್ಣನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಅವನೊಡನೆ ಆಡುತ್ತಿದ್ದ ಮಾತಿನಲ್ಲೇ ಹೇಳಿದೆ:

"ಭೈಯ್ಯಾ, ನಿನಗ ಯಾವ್ದೂ ಮರತಿರ್ಲಿಲ್ಲ. ನೀ ಓದಿದ್ದೆಲ್ಲಾ ಖರೇನಾ ಇತ್ತು. ಸುಳ್ಳು ನಂದು. ನನ್ನ ಮಾಫ್ ಮಾಡು."